ಅಜ್ಜನ ಕಪಾಟಿಗೆ ಈ ವರ್ಷ ಯಾವ ಕಾದಂಬರಿ?

ಅಣ್ಣನ ಮಗಳು (ವಿಜಯಪುರ): ಎಲ್ಲರಿಗೂ ನಮಸ್ಕಾರ. ಊರಮನೆಯಲ್ಲಿರುವ ಅಜ್ಜನ ಕಪಾಟಿಗೆ ಈ ಶ್ರಾವಣದಲ್ಲಿ ಯಾವ ಪುಸ್ತಕ ತರಬೇಕೆಂದು ಸಣ್ಣಜ್ಜ ಕೇಳಿದ್ದರಿಂದ, ಇಂಗ್ಲಿಷಿನ ಹೊಸ ಕಾದಂಬರಿಗಳ ಒಂದು ಪಟ್ಟಿಯನ್ನು ಮನೆಯವರೆಲ್ಲರಿಗೂ ಕಳಿಸುತ್ತಿದ್ದೇನೆ. ಪಟ್ಟಿ ಮಾಡಿದವರು ಥ್ರಿಲ್ಲರ್, ಗೋಥಿಕ್ (ಹಳೆಯ ಮನೆಗಳ ಗುಟ್ಟು, ಭಯದ ಕಥೆ), ಹಾರರ್, ಪ್ರಣಯ ಎಂದು ವಿಂಗಡಿಸಿದ್ದಾರೆ. ಗೋಥಿಕ್ ಭಾಗದಿಂದ ಎರಡಾದರೂ ಬರಲಿ ಎಂಬುದು ನನ್ನ ಬೇಡಿಕೆ.

ಕಾಕಾ (ಇಂಡಿ; ಅಣ್ಣನ ಮಗಳಿಗೆ ಸಣ್ಣಜ್ಜ): ಪಟ್ಟಿಯನ್ನು ಎರಡು ಸಲ ಓದಿದೆ. ಇದರಲ್ಲಿ ಕನ್ನಡದ ಪುಸ್ತಕ ಒಂದೂ ಇಲ್ಲ. ಆ ಕಪಾಟಿನಿಂದ ಪುಸ್ತಕ ಒಯ್ಯುವವರು ಊರಿನ ಹೈಸ್ಕೂಲು ಮಕ್ಕಳು ಮತ್ತು ಸಂಜೆ ಕಟ್ಟೆಗೆ ಬರುವ ಹಿರಿಯರು. ಇಂಗ್ಲಿಷಿನಲ್ಲಿ ಮುನ್ನೂರು ಪುಟ ಓದುವವರು ಅವರಲ್ಲಿ ಯಾರಿದ್ದಾರೆ? ಇನ್ನು ದೆವ್ವ, ಕೊಲೆ, ಪ್ರೇಮ ಇವುಗಳಿಗಾಗಿ ಮನೆಯವರೆಲ್ಲ ಕೂಡಿಸಿದ ಹಣವನ್ನು ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ತಮ್ಮ (ಬೆಳಗಾವಿ): ಕಾಕಾ, ನಿಮ್ಮ ಮೊದಲ ಮಾತು ನಿಜ, ಎರಡನೆಯದನ್ನು ಒಪ್ಪಲಾರೆ. ಆ ಕಪಾಟಿನ ಕೆಳಗಿನ ಖಾನೆಯ ತುಂಬ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳೇ ಇವೆ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡಕ್ಕೆ ಎಷ್ಟೋ ಸಾವಿರ ಓದುಗರನ್ನು ತಂದುಕೊಟ್ಟರು. ಅಜ್ಜ ಅವುಗಳನ್ನು ಹಣ ಕೊಟ್ಟೇ ತಂದಿದ್ದರು.

ನಾನು (ಬಾಗಲಕೋಟೆ; ಅಣ್ಣನ ಮಗಳಿಗೆ ಅತ್ತಿ): ಅವುಗಳಲ್ಲಿ ಒಂದಕ್ಕೆ ಅಜ್ಜ ಸಿಮೆಂಟು ಚೀಲದ ಕಾಗದದ ಹೊದಿಕೆ ಹಾಕಿ, ಹುಳು ಹಿಡಿಯದಿರಲೆಂದು ನಡುವೆ ಬೇವಿನ ಎಲೆ ಇಟ್ಟಿದ್ದರು. ಎಲೆಯಲ್ಲಿ ಈಗ ನಾರಷ್ಟೇ ಉಳಿದು, ಹಾಳೆಯ ಮೇಲೆ ಅದರ ಕಂದು ಅಚ್ಚು ಮೂಡಿದೆ. ಕೊನೆಯ ಹಾಳೆ ಹರಿದುಹೋಗಿದ್ದರಿಂದ ಕೊಲೆಗಾರ ಯಾರೆಂದು ನಮಗೆ ತಿಳಿಯಲೇ ಇಲ್ಲ. ನಾನು ಗಟ್ಟಿಯಾಗಿ ಓದಿದ್ದನ್ನಷ್ಟೇ ಕೇಳಿದ, ಅಕ್ಷರ ಬಾರದ ಅಜ್ಜಿ, ಯಾರ ಮಾತು ಎಲ್ಲಿ ತಪ್ಪಿತು ಎಂಬುದನ್ನು ಒಂದೊಂದಾಗಿ ನೆನಪಿಸಿಕೊಂಡು ಇಡೀ ರಾತ್ರಿ ನಮ್ಮೊಂದಿಗೆ ವಾದಿಸಿದ್ದರು. ಇಂದು ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಮಕ್ಕಳಿಗೆ ಪುಸ್ತಕ ಕೊಡುವಾಗ ನನಗೆ ಆ ರಾತ್ರಿಯೇ ಕಣ್ಣ ಮುಂದೆ ಬರುತ್ತದೆ.

ಕಾಕಾ: ಮಗಳೇ, ಪತ್ತೇದಾರಿ ಕಥೆಗೆ ನನ್ನ ವಿರೋಧವಿಲ್ಲ, ಅಲ್ಲಿ ತರ್ಕವಿದೆ, ಕೊನೆಗೆ ತಪ್ಪಿತಸ್ಥ ಸಿಕ್ಕಿಬೀಳುತ್ತಾನೆ. ನಾನು ಹೆದರುವುದು ಹಾರರ್‌ಗೆ. ಮಗುವಿಗೆ ನಾಲ್ಕು ದಿನ ಜ್ವರ ಇಳಿಯದಿದ್ದರೆ ಗಾಳಿ ಸೋಕಿದೆಯೆಂದು ದಾರ ಕಟ್ಟಿಸಿ, ದವಾಖಾನೆಗೆ ತಡವಾಗಿ ಒಯ್ದವರನ್ನು ಇಂಡಿ ತಾಲ್ಲೂಕಿನ ಶಾಲೆಗಳಲ್ಲಿ ಪಾಠ ಹೇಳುವಾಗ ಕಣ್ಣಾರೆ ಕಂಡಿದ್ದೇನೆ. ಅಂಥ ಮನೆಯ ಹುಡುಗನ ಕೈಗೆ ದೆವ್ವವೇ ಗೆಲ್ಲುವ ಪುಸ್ತಕವನ್ನು ನಾನು ಕೊಡಲಾರೆ.

ನಾನು: ಕಾಕಾ, ಈ ಮಾತಿಗೆ ತೂಕವಿದೆ. ಆದರೆ ಗೋಥಿಕ್ ಎಂದರೆ ಬರಿಯ ದೆವ್ವದ ಕಥೆಯಲ್ಲ. ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ 1764ರಲ್ಲಿ ಕೋಟೆಯೊಂದರ ಕಥೆ ಬರೆದು, ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದನ್ನು ಗೋಥಿಕ್ ಕಥೆ ಎಂದು ಕರೆದಂದಿನಿಂದ ಈ ಬಗೆಯ ಬರವಣಿಗೆಯ ನಡುವೆ ಹೆಚ್ಚಾಗಿ ಒಂದು ಹಳೆಯ ಮನೆ ಇರುತ್ತದೆ. ಹಿಂದಿನವರು ಮುಚ್ಚಿಟ್ಟ ಅನ್ಯಾಯ ಆ ಮನೆಯ ಗೋಡೆಗಳಿಂದಲೇ ಹೊರಬರುತ್ತದೆ. 2020ರಲ್ಲಿ ಬಂದ ‘ಮೆಕ್ಸಿಕನ್ ಗೋಥಿಕ್’ ಬೆಳ್ಳಿಯ ಗಣಿಯಿಂದ ಹಣ ಮಾಡಿದ ಇಂಗ್ಲಿಷ್ ಕುಟುಂಬವೊಂದರ ಬಂಗಲೆಯ ಕಥೆ. ಅಲ್ಲಿ ಗೋಡೆಗೆ ಹಿಡಿದ ಬೂಸ್ಟನ್ನೂ ಆ ಕುಟುಂಬದ ಪಾಪವನ್ನೂ ಬೇರೆ ಮಾಡಿ ನೋಡಲಾಗದು. ಅದರ ಕೆಲವು ಅಧ್ಯಾಯಗಳು ಹೈಸ್ಕೂಲು ಮಕ್ಕಳಿಗೆ ತಕ್ಕವಲ್ಲವಾದ್ದರಿಂದ ಅದನ್ನು ಕಪಾಟಿಗೆ ನಾನೂ ಕೇಳುವುದಿಲ್ಲ.

ವೈನಿ (ವಿಜಯಪುರ): ಇದನ್ನು ಓದಿ ನನಗೆ ನಮ್ಮ ವಿಜಯಪುರದ ಸಾಠ್ ಕಬರ್ ಎಂಬ ಗೋರಿಗಳ ಜಾಗ ನೆನಪಾಯಿತು. 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮುನ್ನ ಅಫ್ಜಲ್‌ಖಾನ್ ತನ್ನ ಹೆಂಡಂದಿರನ್ನು ಕೊಲ್ಲಿಸಿದನೆಂದು ಜನ ಹೇಳುವ ಜಾಗ ಅದು. ಹೋದ ಚಳಿಗಾಲದಲ್ಲಿ ಹೋದಾಗ ಮಗಳು ಒಂದೇ ಅಳತೆಯ ಆ ಕರಿಕಲ್ಲಿನ ಗೋರಿಗಳ ಸಾಲಿನಲ್ಲಿ ಬಗ್ಗಿ ಬಗ್ಗಿ ನೋಡುತ್ತ ನಡೆದು, ಈ ಹೆಂಗಸರ ಹೆಸರು ಎಲ್ಲಿ ಬರೆದಿದೆ ಎಂದು ಕೇಳಿದಳು. ನಮಗೆ ಒಂದರ ಮೇಲೂ ಹೆಸರು ಕಾಣಲಿಲ್ಲ. ಮನೆಗೆ ಬಂದ ಮೇಲೆ ಎರಡು ದಿನ ಅವಳು ಅದನ್ನೇ ಮಾತಾಡಿದಳು.

ಅಣ್ಣನ ಮಗಳು: ಸಣ್ಣಜ್ಜ, ನಾನು ಗೋಥಿಕ್ ಕೇಳಿದ್ದು ಅದಕ್ಕಾಗಿಯೇ. ಅಲ್ಲಿ ನನಗೆ ದೆವ್ವದ ಹೆದರಿಕೆ ಆಗಲಿಲ್ಲ. ಅಷ್ಟು ಜನರ ಹೆಸರನ್ನು ಇಲ್ಲದಂತೆ ಮಾಡಬಹುದಲ್ಲ ಎಂದು ಹೆದರಿಕೆಯಾಯಿತು. ಆ ಹೆದರಿಕೆಯನ್ನು ಕನ್ನಡದಲ್ಲಿ ಬರೆದ ಕಾದಂಬರಿ ಇದ್ದರೆ ಅದನ್ನೇ ಮೊದಲು ಓದುತ್ತೇನೆ.

ತಮ್ಮ: ಥ್ರಿಲ್ಲರ್ ಬೇಕಾದರೆ ಕನ್ನಡದಲ್ಲೇ ಕೆ.ಎನ್. ಗಣೇಶಯ್ಯನವರಿದ್ದಾರೆ. ಕೃಷಿ ವಿಜ್ಞಾನಿಯಾದ ಅವರು ಶಾಸನ, ಶಿಲ್ಪಗಳ ಜಾಡು ಹಿಡಿದು ಕಥೆ ಕಟ್ಟುತ್ತಾರೆ. ಬಾದಾಮಿ, ಐಹೊಳೆಗೆ ಶಾಲೆಯ ಪ್ರವಾಸ ಹೋಗುವ ನಮ್ಮ ಮಕ್ಕಳಿಗೆ ಅದು ಬೇಗ ಹಿಡಿಸುತ್ತದೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದದ್ದು. ಲಿಸ್ಬನ್ನಿನಿಂದ ವಿಜಯನಗರದವರೆಗೆ ಹರಡಿರುವ ಆ ಕಾದಂಬರಿಯಲ್ಲಿ ಪ್ರೇಮ, ಸಮುದ್ರಯಾನ, ಮತದ ಹಿಂಸೆ ಎಲ್ಲವೂ ಇರುವುದರಿಂದ ಈ ಪಟ್ಟಿ ಮಾಡಿದವರು ಅದನ್ನು ಯಾವ ಭಾಗಕ್ಕೆ ಹಾಕುತ್ತಿದ್ದರೋ ತಿಳಿಯದು.

ವೈನಿ: ಪ್ರಣಯ ಬೇಡವೆಂದರೆ ಮೇಲಿನ ಖಾನೆಯ ತ್ರಿವೇಣಿಯವರನ್ನೂ ತೆಗೆಯಬೇಕಾಗುತ್ತದೆ ಕಾಕಾ. ಅದನ್ನು ನಾನು ಒಪ್ಪುವುದಿಲ್ಲ.

ಕಾಕಾ: ತ್ರಿವೇಣಿಯವರ ಪುಸ್ತಕ ಎಲ್ಲಿಗೂ ಹೋಗುವುದಿಲ್ಲ. ತಮ್ಮ ಹೇಳಿದ ಕನ್ನಡದ ಪುಸ್ತಕಗಳು ಎರಡೆರಡು ಪ್ರತಿ ಬರಲಿ. ಹಾರರ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಗೋಥಿಕ್ ಒಂದು ಬರಲಿ, ಆದರೆ ಯಾವುದೆಂದು ಅತ್ತಿಯನ್ನು ಕೇಳಿ ಮೊಮ್ಮಗಳೇ ಆರಿಸಿ, ಅದನ್ನು ರವಿವಾರ ಕಟ್ಟೆಯ ಮೇಲೆ ಕೂತು ಊರವರಿಗೆ ಕನ್ನಡದಲ್ಲಿ ಹೇಳಬೇಕು.

ನಾನು: ಹಾಗಾದರೆ ಹೊಸದಲ್ಲದಿದ್ದರೂ ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ ಇರಲಿ. ಅದು ಅಚ್ಚಾದದ್ದು 1818ರಲ್ಲಿ. ಬರೆಯತೊಡಗಿದಾಗ ಆಕೆಗೆ ಹದಿನೆಂಟು ವರ್ಷ. ಅಲ್ಲಿ ದೆವ್ವವಿಲ್ಲ ಕಾಕಾ. ಜೀವವೊಂದನ್ನು ಸೃಷ್ಟಿಸಿ, ಅದರ ಮುಖ ಕಂಡು ಹೇಸಿ ಕೈಬಿಟ್ಟು ಓಡಿದ ಒಬ್ಬ ವಿದ್ಯಾರ್ಥಿಯ ಕಥೆ ಅದು.

ಅಣ್ಣನ ಮಗಳು: ನನಗೂ ಈಗ ಹದಿನೆಂಟು, ಅತ್ತಿ. ನಾಗರ ಪಂಚಮಿಗೆ ಊರಿಗೆ ಬಂದಾಗ ಮೊದಲ ಅಧ್ಯಾಯ ಹೇಳುತ್ತೇನೆ. ಸಣ್ಣಜ್ಜ, ನನ್ನ ಕನ್ನಡ ಎಲ್ಲಿ ತಡವರಿಸುತ್ತದೋ ಅಲ್ಲಿ ನೀವು ಪಕ್ಕದಲ್ಲಿರಬೇಕು.

ಕಾಕಾ: ಇರುತ್ತೇನೆ. ಪುಸ್ತಕವನ್ನು ಒಂದು ವಾರ ಮೊದಲೇ ಇಂಡಿಗೆ ಕಳಿಸು, ನಾನೂ ಓದಿಕೊಂಡು ಬರುತ್ತೇನೆ.