ಮನೆಯೊಳಗೆ ಸೇದಿದರೆ ಮಕ್ಕಳಿಗೆ ಏನನಿಸುತ್ತೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳು ನಾಲ್ಕನೇ ತರಗತಿ. ನಾನು ಸಿಗರೇಟ್ ಹಚ್ಚಿದ ಕೂಡಲೇ ಎದ್ದು ಹೋಗಿ ರೂಮಿನ ಬಾಗಿಲು ಹಾಕ್ಕೊಳ್ತಾಳೆ. ಯಾಕಮ್ಮಾ ಅಂದ್ರೆ ಏನಿಲ್ಲ ಅಂತಾಳೆ. ಸೇದುವವರ ಮನೆಯಲ್ಲಿ ಬೆಳೆದವರು, ಅವಳ ಮನಸ್ಸಲ್ಲಿ ಏನಿರಬಹುದು?

ಹಿರಿಮಗಳು: ನಮ್ಮಪ್ಪ ಹಾಲ್‌ನಲ್ಲೇ ಸೇದ್ತಿದ್ರು. ಹೊಗೆಗಿಂತ ನನಗೆ ಭಯ ಆಗ್ತಿದ್ದದ್ದು ರಾತ್ರಿ ಕೆಮ್ಮಿಗೆ. ಪ್ಯಾಕೆಟ್ ಮೇಲಿನ ಚಿತ್ರ ನೆನೆಸ್ಕೊಂಡು, ಆ ಕೆಮ್ಮು ನಿಲ್ಲೋ ತನಕ ಎದ್ದಿರ್ತಿದ್ದೆ. ಒಮ್ಮೆ ಪ್ಯಾಕೆಟ್ ಬಚ್ಚಿಟ್ಟೆ, ಏಟು ಬಿತ್ತು. ಆಮೇಲೆ ನಾನೂ "ಏನಿಲ್ಲ" ಅನ್ನೋದು ಕಲಿತೆ. ಯೂನಿಫಾರ್ಮ್ ವಾಸನೆಗೆ ಪಕ್ಕದ ಬೆಂಚಿನವಳು ಮೂಗು ಮುಚ್ಚಿದ್ದು ಈಗಲೂ ಮೈ ಉರಿಸುತ್ತೆ. ತಮ್ಮನ ಕಿವಿ ಸೋರೋದು ನಿಲ್ತಾನೇ ಇರ್ಲಿಲ್ಲ. ಡ್ರಾಪ್ಸ್, ಆಂಟಿಬಯಾಟಿಕ್, ಮತ್ತೆ ಸೋರಿಕೆ, ಮತ್ತೆ ಶಾಲೆಗೆ ರಜೆ, ಕೊನೆಗೆ ಆಪರೇಷನ್. ಬಿಲ್ ಕಟ್ಟಿ ಹೊರಗೆ ಬಂದ ಅಪ್ಪ ಗೇಟ್ ಹತ್ರಾನೇ ಒಂದು ಹಚ್ಚಿದ್ರು. ಅದನ್ನ ಇನ್ನೂ ಕ್ಷಮಿಸಿಲ್ಲ.

ಬಾಲ್ಕನಿಯಪ್ಪ: ಎಲ್ಲ ಅಪ್ಪಂದಿರನ್ನೂ ಒಂದೇ ತಕ್ಕಡೀಲಿ ತೂಗಬೇಡಿ. ಮಗ ಹುಟ್ಟಿದಾಗಿಂದ ನಾನು ಒಳಗೆ ಸೇದಿಲ್ಲ. ಮಳೆ ಬರ್ಲಿ, ಚಳಿ ಇರ್ಲಿ, ಬಾಲ್ಕನಿ. ಬಾಗಿಲು ಹಾಕಿ ಸೇದಿ, ಕೈ ತೊಳೆದು, ಶರ್ಟ್ ಬದಲಿಸಿ ಆಮೇಲೆ ಮಗೂನ ಎತ್ಕೊಳ್ಳೋದು. ಅವನು ಒಂದಿನ ಬೇಜಾರು ಮಾಡ್ಕೊಂಡಿಲ್ಲ. ಕಿವಿಗೂ ಸಿಗರೇಟಿಗೂ ಏನ್ ಸಂಬಂಧ? ನೆಗಡಿ ಆದ್ರೂ ಸೋರುತ್ತೆ.

ಹಿರಿಮಗಳು: 2006ರ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಆರೋಗ್ಯ ವಕ್ತಾರರು) ವರದಿ ಓದಿ. ಸೇದುವವರ ಮಕ್ಕಳಿಗೆ ನಡುಕಿವಿಯ ಕಾಯಿಲೆ, ಉಬ್ಬಸ ಎರಡನ್ನೂ ಹೇಳಿದೆ. ಇಷ್ಟು ಹೊಗೆಯಾದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತಾನೂ ಇದೆ. ನಿಮ್ಮ ಮಗ ಬೇಜಾರು ಮಾಡ್ಕೊಂಡಿಲ್ವೋ, ನಿಮಗೆ ಹೇಳಿಲ್ವೋ?

ಬಿಟ್ಟವನು: ಬಾಲ್ಕನಿ ಜಗಳ ಸಾಕು, ಬಿಡೋ ವಿಷಯ ಮಾತಾಡೋಣ. ನಾನು ನಿಕೋಟಿನ್ ಪ್ಯಾಚ್ ಹಿಡಿದೆ, ಚರ್ಮಕ್ಕೆ ಅಂಟಿಸೋ ಪಟ್ಟಿ, ನಿಕೋಟಿನ್ ಕಮ್ಮಿ ಮಾಡ್ತಾ ಹೋಗೋದು. 21 ಮಿ.ಗ್ರಾಂ, ಆಮೇಲೆ 14, ಆಮೇಲೆ 7. ಅಂಟಿಸಿದ ಕಡೆ ಕೆಂಪಾಗಿ ನವೆ. ರಾತ್ರಿ ಹಾಳು ಕನಸು ಅಂತ ಮಲಗುವಾಗ ಕಿತ್ತರೆ, ಬೆಳಿಗ್ಗೆ ಎದ್ದ ತಕ್ಷಣ ಕೈ ಜೇಬು ಹುಡುಕೋದು. 14ಕ್ಕೆ ಇಳಿಸಿದ ವಾರ ಗೆಳೆಯರ ಜೊತೆ ಕೂತು ಮತ್ತೆ ಶುರು, ಮತ್ತೆ 21ರಿಂದ. ನಿಕೋಟಿನ್ ಗಮ್ ಜಗಿದ್ರೆ ಬಿಕ್ಕಳಿಕೆ. ಸ್ವಲ್ಪ ಜಗಿದು ಕೆನ್ನೆ ಸಂದೀಲಿ ಇಟ್ಕೋಬೇಕು ಅಂತ ಯಾರೂ ಹೇಳಿರ್ಲಿಲ್ಲ. ನನ್ನ ರೇಗಾಟ ತಡೀಲಾರದೆ ಮಗಳೇ "ಅಪ್ಪಾ, ಒಂದು ಸೇದ್ಬಿಡು" ಅಂದಳು. ಅಂಥ ಪೆಟ್ಟು ಇನ್ನೊಂದು ತಿಂದಿಲ್ಲ. ಆದ್ರೂ ಬಿಟ್ಟೆ. ಈಗ ಅವಳು ನನ್ನ ಶರ್ಟ್ ಮೂಸಿ ನೋಡೋದು ನಿಲ್ಲಿಸಿದಾಳೆ.

ಒಂದೇ ಏಟಿಗೆ: ನಿಕೋಟಿನ್ ಬಿಡೋಕೆ ನಿಕೋಟಿನ್ನೇ ಅಂಟಿಸ್ಕೊಳ್ಳೋದಾ? ದುಡ್ಡು ದಂಡ. ಪ್ಯಾಕೆಟ್ ಎಸೆದೆ, ಮುಗೀತು. ಮನಸ್ಸು ಗಟ್ಟಿ ಇರ್ಬೇಕು.

ಬಿಟ್ಟವನು: ಪ್ಯಾಚಲ್ಲಿ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ, ಮಗು ಮೂಗಿಗೆ ಹೊಗೆ ಹೋಗಲ್ಲ. ನೀವು ಗೆದ್ರಿ, ಸಂತೋಷ. ಮತ್ತೆ ಮತ್ತೆ ಬಿದ್ದು ಎದ್ದವರ ಮನಸ್ಸಿನ ಗಟ್ಟಿ ಅಳೆಯೋಕೆ ಬರಬೇಡಿ.