ವೈರಸ್ ಹೊಡೆತಕ್ಕೆ ವಿಂಡೋಸ್ ಏಳುತ್ತಿಲ್ಲ, ಅನುಭವವಿದ್ದವರು ಹೇಳಿ

ದಾವಣಗೆರೆ ಡಿಟಿಪಿ (ಕೇಳಿದವರು):
ಗಿರಾಕಿಯೊಬ್ಬರ ಪೆನ್‌ಡ್ರೈವ್ ಚುಚ್ಚಿದ್ದೇ ತಪ್ಪಾಯಿತು. ಆಂಟಿವೈರಸ್ ಹದಿನೇಳು ಫೈಲ್ ಅಳಿಸಿ ರೀಸ್ಟಾರ್ಟ್ ಕೇಳಿತು. ಆಮೇಲೆ ಕಪ್ಪು ಪರದೆ, 'ಬೂಟ್‌ಎಂಜಿಆರ್ ಇಲ್ಲ' ಎಂಬ ಒಂದೇ ಸಾಲು, ಅಂದರೆ ವಿಂಡೋಸನ್ನು ಎಬ್ಬಿಸುವ ಫೈಲೇ ಕಾಣೆ. ವಿಂಡೋಸ್ 7. ಡಿ ಡ್ರೈವ್‌ನಲ್ಲಿ ಮೂರು ಲಗ್ನಪತ್ರಿಕೆಗಳಿವೆ, ಶುಕ್ರವಾರ ಕೊಡಬೇಕು. ಫಾರ್ಮ್ಯಾಟ್ ಮಾಡದೆ ದಾರಿ ಇದೆಯೇ?

ಹಾಸನದ ಮುದ್ರಕ:
ಇದೆ, ನಾನು ಮಾಡಿದ್ದೇನೆ. 2018ರ ವಿಧಾನಸಭೆ ಚುನಾವಣೆಯ ಕರಪತ್ರಗಳ ಗಡಿಬಿಡಿ. ಇದೇ ತೊಂದರೆ. ರಿಪೇರಿಗೆ ವಿಂಡೋಸ್ ಡಿವಿಡಿ ಹಾಕಿದರೆ ಡಿವಿಡಿ ಡ್ರೈವ್ ಕೈಕೊಟ್ಟಿತು. ಹೊಸದಕ್ಕೆ 950 ರೂಪಾಯಿ, ಕೇಬಲ್‌ಗೆ 60. ಆ ಡಿವಿಡಿಯಲ್ಲಿನ ರಿಪೇರಿ ಸಾಧನ ಬೂಟ್‌ರೆಕ್‌ನಲ್ಲಿ ಫಿಕ್ಸ್‌ಎಂಬಿಆರ್, ಫಿಕ್ಸ್‌ಬೂಟ್ ಆಜ್ಞೆಗಳೆರಡೂ 'ಯಶಸ್ವಿ' ಎಂದವು, ಯಂತ್ರ ಮಾತ್ರ ಏಳಲಿಲ್ಲ. ಬಿಸಿಡಿ ಎಂದರೆ ಯಾವ ವಿಂಡೋಸನ್ನು ಎಬ್ಬಿಸಬೇಕೆಂಬ ಪಟ್ಟಿ. ರೀಬಿಲ್ಡ್‌ಬಿಸಿಡಿ ಕೊಟ್ಟರೆ ಸಿಕ್ಕ ವಿಂಡೋಸ್‌ಗಳ ಸಂಖ್ಯೆ ಸೊನ್ನೆ! ಹಳೆಯ ಬಿಸಿಡಿ ಫೈಲಿನ ಹೆಸರು ಬದಲಿಸಬೇಕು ಎಂದು ಹೊಳೆದದ್ದು ರಾತ್ರಿ ಎರಡಕ್ಕೆ. ಬದಲಿಸಿದೆ, 'ಒಂದು' ಎಂದಿತು, ವೈ ಒತ್ತಿದೆ, ಎದ್ದಿತು. ಅದಕ್ಕೂ ಮುಂಚೆ ಡಿಸ್ಕಿನ ದೋಷ ನೋಡುವ ಚೆಕ್‌ಡಿಸ್ಕ್ ಎರಡು ಸೆಕೆಂಡಿನಲ್ಲಿ ಮುಗಿಯಿತೆಂದು ಹಿಗ್ಗಿದ್ದೆ. ನೋಡಿದರೆ ಡಿವಿಡಿಯಿಂದ ಬೂಟ್ ಮಾಡಿದಾಗ ನೂರು ಎಂಬಿಯ ಪುಟ್ಟ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) 'ಸಿ' ಆಗಿ, ನನ್ನ ಸಿ ಡ್ರೈವ್ 'ಡಿ' ಆಗಿ ಕುಳಿತಿತ್ತು, ಪರೀಕ್ಷೆಯಾದದ್ದು ಆ ಪುಟ್ಟದ್ದು.

ನೊಂದ ಅಪ್ಪ, ಶಿವಮೊಗ್ಗ:
ಇದೆಲ್ಲ ಓದಲು ಚೆಂದ. ನಾನು ಅಂಗಡಿಗೆ ಒಯ್ದೆ, 500 ರೂಪಾಯಿ. "ಡೇಟಾ ಎಲ್ಲಿದೆ?" ಎಂದು ಹುಡುಗ ಕೇಳಿದ, "ಡಿಯಲ್ಲಿ" ಎಂದೆ. ಇನ್‌ಸ್ಟಾಲ್ ಪರದೆಯಲ್ಲಿ ಸಿ, ಡಿ ಎಂದು ಬರೆದಿರುವುದಿಲ್ಲ, ಪಾರ್ಟಿಷನ್ ಸಂಖ್ಯೆ ಮಾತ್ರ. ಅವನು ದೊಡ್ಡದನ್ನೇ ಅಳಿಸಿದ. ಮಗಳ ನಾಮಕರಣದಿಂದ ಒಂದನೆಯ ತರಗತಿಯವರೆಗಿನ ಫೋಟೋಗಳು ಹೋದವು. ಡೇಟಾ ತೆಗೆದುಕೊಡುವವರು 14,000 ಕೇಳಿದರು. ನಾನೇ ಅಳಿದ ಫೈಲ್ ಹುಡುಕುವ ಫೋಟೋರೆಕ್ ಹಾಕಿ 19 ಗಂಟೆ ಕಾದೆ. 8,212 ಚಿತ್ರ ಸಿಕ್ಕವು, ಹೆಸರೆಲ್ಲ ಎಫ್ ಮುಂದೆ ಬರೀ ಅಂಕಿ. ಫೋನಿನಿಂದ ಸುರಿದಿದ್ದ ವಾಟ್ಸ್‌ಆ್ಯಪ್ ಶುಭೋದಯದ ಗುಲಾಬಿಗಳ ನಡುವೆ ಮಗಳನ್ನು ಹುಡುಕುತ್ತ ಎರಡು ಯುಗಾದಿ ಕಳೆದಿದ್ದೇನೆ.

ಪೆಂಗ್ವಿನ್, ಮೈಸೂರು:
ಇಬ್ಬರೂ ತಪ್ಪು ಕಡೆಯಿಂದ ಹೊರಟಿದ್ದೀರಿ. ವಿಂಡೋಸ್ ಬದಲು ಓಡುವ, ಪೆಂಗ್ವಿನ್ ಗುರುತಿನ ಲಿನಕ್ಸ್ ಬಳಗದ ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಬೇಕಿತ್ತು. ನಾನು 2012ರಿಂದ ವಿಂಡೋಸ್ ಮುಟ್ಟಿಲ್ಲ. ವೈಫೈ ಡ್ರೈವರ್ ಸಿಗದೆ ಮೂರು ವಾರ ಕೇಬಲ್ ಎಳೆದುಕೊಂಡು ಪಡಸಾಲೆಯಲ್ಲೇ ಕುಳಿತೆ, ಹೊಂದದ ಪ್ರಿಂಟರನ್ನು ಅರ್ಧ ಬೆಲೆಗೆ ಮಾರಿದೆ. ಪಶ್ಚಾತ್ತಾಪವಿಲ್ಲ.

ಹಾಸನದ ಮುದ್ರಕ:
ಪ್ರಿಂಟರ್ ಮಾರಿಕೊಂಡವರು ಮುದ್ರಕರಿಗೆ ಬುದ್ಧಿ ಹೇಳುವುದೇ? ಕನ್ನಡ ಟೈಪಿಸುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್ ಎರಡನ್ನೂ ನಿಮ್ಮ ಪೆಂಗ್ವಿನ್ ಮೇಲೆ ಓಡಿಸಿ ತೋರಿಸಿ ಸ್ವಾಮಿ.

ಪೆಂಗ್ವಿನ್, ಮೈಸೂರು:
ಎಲ್ಲ ಯಂತ್ರದಲ್ಲೂ ಒಂದೇ ಆಗಿ ಓದಿಸುವ ಯೂನಿಕೋಡ್ ಕಾಲದಲ್ಲೂ ಹಳೆಯ ನುಡಿ ಅಕ್ಷರಗಳಿಗೆ ಜೋತುಬಿದ್ದಿರುವುದು ನಿಮ್ಮ ಹಣೆಬರಹ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ನ' ಇರಬೇಕಾದಲ್ಲಿ ಪೌಂಡಿನ ಗುರುತು ಕಾಣುತ್ತದೆ.

ಹಾಸನದ ಮುದ್ರಕ:
ಪೇಜ್‌ಮೇಕರಿಗೆ ಯೂನಿಕೋಡ್ ಹತ್ತುವುದೇ ಇಲ್ಲ, ಗೊತ್ತೇ? ಗಿರಾಕಿ ಕೇಳುವುದು ದಪ್ಪ ಅಕ್ಷರ, ಸಿದ್ಧಾಂತವನ್ನಲ್ಲ.

ಬೀಗ ಬಿದ್ದವನು, ಹುಬ್ಬಳ್ಳಿ:
ಯಂತ್ರ ಏಳದಿದ್ದರೆ ನಿಮ್ಮ ಪುಣ್ಯ. 2019ರಲ್ಲಿ ನನ್ನದು ಚೆನ್ನಾಗಿಯೇ ಎದ್ದಿತು, ಫೈಲ್‌ಗಳಿಗೆಲ್ಲ ಬೀಗ ಬಿದ್ದಿತ್ತು. ಬಿಡಿಸುವ ಕೀಲಿಗೆ ವೈರಸ್ ಬಿಟ್ಟವರು ಕೇಳಿದ್ದು 980 ಡಾಲರ್, 72 ಗಂಟೆಯೊಳಗಾದರೆ 490. ಕೊಡಲಿಲ್ಲ. ಬಿಲ್ ಪುಸ್ತಕ ನೋಡಿ ಜಿಎಸ್‌ಟಿ ಲೆಕ್ಕವನ್ನು ಮತ್ತೆ ಬರೆಸಲು 22,000 ಹೋಯಿತು. ಕೀಲಿ ಎಂದಾದರೂ ಸಿಕ್ಕೀತೆಂದು ಆ ಡಿಸ್ಕ್ ಇನ್ನೂ ಬೀರುವಿನಲ್ಲಿದೆ, ಹೆಂಡತಿಯ ರೇಷ್ಮೆ ಸೀರೆಯ ಕೆಳಗೆ.

ನೊಂದ ಅಪ್ಪ, ಶಿವಮೊಗ್ಗ:
ಕ್ರ್ಯಾಕ್ ಮಾಡಿದ ತಂತ್ರಾಂಶದಿಂದ ಬಂದದ್ದು ತಾನೇ?

ಬೀಗ ಬಿದ್ದವನು, ಹುಬ್ಬಳ್ಳಿ:
500 ಕೊಟ್ಟು ನೀವು ಹಾಕಿಸಿದ ವಿಂಡೋಸ್ ಅಸಲಿಯೇ? ರಸೀದಿ ತೋರಿಸಿ, ಮಾತಾಡೋಣ.

ದಾವಣಗೆರೆ ಡಿಟಿಪಿ:
ಜಗಳದ ನಡುವೆ ಕ್ಷಮಿಸಿ. ಡಿಸ್ಕ್ ಬಿಚ್ಚಿ ಅಳಿಯನ ಕಂಪ್ಯೂಟರಿಗೆ ಎರಡನೆಯ ಡಿಸ್ಕ್ ಆಗಿ ಜೋಡಿಸಿದೆ. ಮೂರೂ ಪತ್ರಿಕೆ ಸಿಕ್ಕವು. ಆದರೆ ಅಲ್ಲಿ ನುಡಿ ಇಲ್ಲ. ವರನ ಹೆಸರಿನಲ್ಲಿ ಎರಡು ಪೌಂಡು ಕಾಣುತ್ತಿವೆ.

ಹಾಸನದ ಮುದ್ರಕ:
ಅದೇ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿ ಫಾಂಟ್ಸ್ ಇದೆಯಲ್ಲ, ಅಲ್ಲಿಂದ ಎತ್ತಿಕೊಳ್ಳಿ.

ಬೀಗ ಬಿದ್ದವನು, ಹುಬ್ಬಳ್ಳಿ:
ವೈರಸ್ ಬಡಿದ ಡಿಸ್ಕನ್ನು ಅಳಿಯನ ವಿಂಡೋಸಿಗೆ ಜೋಡಿಸಿದಿರಾ? ಆ ಗಿರಾಕಿಗೂ ನಿಮಗೂ ಏನು ವ್ಯತ್ಯಾಸ?