ಅಪ್‌ಡೇಟ್: ಹಗುರ ಪಿಸ್ಟನ್ ಹಾಕಿದ ಬುಲೆಟ್ 350ರ ನಡುಕ ನಿಂತಿತು

ಹಳೇ ಕಾಸ್ಟ್ ಐರನ್ ಬುಲೆಟ್‌ಗೆ (ಬೋರ್ ಅಂದರೆ ಸಿಲಿಂಡರ್ ಅಗಲ 70 ಮಿ.ಮೀ., ಸ್ಟ್ರೋಕ್ ಅಂದರೆ ಪಿಸ್ಟನ್ ಓಡುವ ದೂರ 90) ಹಗುರವಾದ ಫೋರ್ಜ್ಡ್ (ಒತ್ತಿ ಬಡಿದು ಮಾಡಿದ) ಪಿಸ್ಟನ್ ಹಾಕಿದ ಮೇಲೆ ವೇಗ 70 ಕಿ.ಮೀ. ದಾಟಿದರೆ ನಡುಕಕ್ಕೆ ಫುಟ್‌ರೆಸ್ಟ್ ಮೇಲೆ ಕಾಲು ನಿಲ್ಲುತ್ತಿಲ್ಲ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಈಗ ಸರಿಹೋಗಿದೆ.

ಇಂಜಿನ್ ಮೌಂಟಿಂಗ್ ಬೋಲ್ಟ್ ಬಿಗಿ ಮಾಡಿದ್ದು, ಹ್ಯಾಂಡಲ್ ತುದಿಗೆ ತೂಕ ಹಾಕಿದ್ದು, ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಹಿಂದಕ್ಕೆ ತಂದಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಗೆದ್ದಿದ್ದು "ಕ್ರ್ಯಾಂಕ್ ಬಿಚ್ಚಿ ಬ್ಯಾಲೆನ್ಸ್ ಫ್ಯಾಕ್ಟರ್ ನೋಡಿ" ಅಂದವರ ಮಾತು. ಕ್ರ್ಯಾಂಕ್ ಅಂದರೆ ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ, ಫ್ಲೈವೀಲ್ ಎಂಬ ಭಾರಿ ಚಕ್ರಗಳಿರುವ ಭಾಗ; ಪಿಸ್ಟನ್ ಜೊತೆ ಮೇಲೆ-ಕೆಳಗೆ ಓಡುವ ತೂಕದಲ್ಲಿ ಶೇಕಡಾ ಎಷ್ಟನ್ನು ಫ್ಲೈವೀಲ್‌ನ ಎದುರು ತೂಕ ಸರಿದೂಗಿಸುತ್ತದೆ ಅನ್ನುವುದೇ ಬ್ಯಾಲೆನ್ಸ್ ಫ್ಯಾಕ್ಟರ್. ಅವರಿಗೆ ತುಂಬು ಧನ್ಯವಾದ.

ಪಿಸ್ಟನ್, ಪಿನ್, ರಿಂಗ್, ಲಾಕ್, ಜೊತೆಗೆ ಕನೆಕ್ಟಿಂಗ್ ರಾಡಿನ ಮೇಲ್ತುದಿ ಸೇರಿಸಿ ತೂಗಿದಾಗ ಮೊದಲು 520 ಗ್ರಾಂ, ಈಗ 445. ಫ್ಲೈವೀಲ್‌ನ ಎದುರು ತೂಕ ಮಾತ್ರ ಹಳೇ 312 ಗ್ರಾಮೇ. ಹಾಗಾಗಿ 60% ಇದ್ದ ಫ್ಯಾಕ್ಟರ್ 70%ಕ್ಕೆ ಏರಿ, ಮೇಲೆ-ಕೆಳಗಿನ ನಡುಕ ಮುಂದೆ-ಹಿಂದಕ್ಕೆ ತಿರುಗಿತ್ತು. ಮತ್ತೆ 60% ಆಗಲು 45 ಗ್ರಾಂ ತೆಗೆಯಬೇಕು. ಲೇತ್ ಅಂಗಡಿಯಲ್ಲಿ ಪ್ರತಿ ಫ್ಲೈವೀಲ್‌ಗೂ ಕ್ರ್ಯಾಂಕ್‌ಪಿನ್‌ನ (ರಾಡಿನ ಕೆಳತುದಿ ಕೂರುವ ಪಿನ್) ಎದುರು ಬದಿ, ಕೇಂದ್ರದಿಂದ 45 ಮಿ.ಮೀ. ದೂರದಲ್ಲಿ 12 ಮಿ.ಮೀ. ಡ್ರಿಲ್‌ನಿಂದ 14 ಮಿ.ಮೀ. ಆಳದ ಎರಡೆರಡು ತೂತು ಹೊಡೆಸಿದೆ. ಅಂಚಿನ ಕಡೆ ಹೊಡೆಯುವುದಾದರೆ ಕಡಿಮೆ ತೆಗೆದರೆ ಸಾಕು. ಲೆಕ್ಕ ಹಾಕದೆ ಡ್ರಿಲ್ ಇಡಲೇಬೇಡಿ, ತೆಗೆದ ಕಬ್ಬಿಣ ಮತ್ತೆ ಬರುವುದಿಲ್ಲ.

ಆಶ್ಚರ್ಯವಾಗಿದ್ದು ಇದು: ಟಾಪ್ ಸ್ಪೀಡ್ ಒಂದಿಷ್ಟೂ ಏರಲಿಲ್ಲ. ಹಗುರ ಪಿಸ್ಟನ್ ತಾನಾಗಿ ಪವರ್ ಕೊಡುವುದಿಲ್ಲ. ಲಾಭವೆಲ್ಲ ರಾಡ್ ಮತ್ತು ಬಿಗ್ ಎಂಡ್‌ಗೆ (ರಾಡಿನ ಕೆಳತುದಿಯ ಬೇರಿಂಗ್): 5500 ಆರ್‌ಪಿಎಂನಲ್ಲಿ ಆ 75 ಗ್ರಾಂ ಇಳಿದಿದ್ದಕ್ಕೇ 110 ಕಿಲೋಗೂ ಹೆಚ್ಚು ಎಳೆತ ಕಡಿಮೆ.

ತಣ್ಣಗಿದ್ದಾಗ ಸ್ವಲ್ಪ ಟಕಟಕ ಇದೆ. ಫೋರ್ಜ್ಡ್ ಪಿಸ್ಟನ್ ಹೆಚ್ಚು ಹಿಗ್ಗುವುದರಿಂದ ಕ್ಲಿಯರೆನ್ಸ್ (ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದು) ಜಾಸ್ತಿ ಬಿಟ್ಟಿದ್ದೇನೆ. ಬಿಸಿಯಾದ ಮೇಲೆ ಕೇಳಿಸುವುದಿಲ್ಲ.